ಲೈಟರ್ ಮುಗಿಲಲ್ಲಿ ಸಿಡಿಯುತ್ತದೆಯೇ?

ಉಡುತಡಿಯ ಓದುಗರೊಬ್ಬರ ಪ್ರಶ್ನೆ: "ಸೋಗಾನೆಯಿಂದ ವಿಮಾನ ಹತ್ತುವಾಗ ಜೇಬಿನ ಲೈಟರ್ ತೆಗೆಸಿದರು. ಲಗೇಜಿಗೆ ಹಾಕುತ್ತೇನೆಂದರೂ ಒಪ್ಪಲಿಲ್ಲ, ಪವರ್ ಬ್ಯಾಂಕ್ ಮಾತ್ರ ಬಿಟ್ಟರು. ಮೇಲೆ ಹೋದಂತೆ ಲೈಟರ್ ಸಿಡಿಯುತ್ತದಂತೆ, ನಿಜವೇ?"

2023ರ ಆಗಸ್ಟ್ 31ರಂದು ಶಿವಮೊಗ್ಗದ ಸೋಗಾನೆಗೆ ವಿಮಾನ ಬರತೊಡಗಿದ ಮೇಲೆ ಶಿಕಾರಿಪುರ, ಸೊರಬದ ಕಡೆ ಈ ಮಾತು ನನ್ನ ಕಿವಿಗೂ ಬಿದ್ದಿದೆ. ಮೇಲೇರಿದ ಮಾತ್ರಕ್ಕೆ ಸರಿಯಾದ ಲೈಟರ್ ಸಿಡಿಯುವುದಿಲ್ಲ.

ಪಾರದರ್ಶಕ ಲೈಟರೊಂದನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿ. ಒಳಗೆ ನೀರಿನಂತೆ ತುಳುಕುವುದು ಬ್ಯೂಟೇನ್. ಬಯಲಿನಲ್ಲಿಟ್ಟರೆ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೇ ಕುದಿದು ಅನಿಲವಾಗುವ ವಸ್ತು! ಮಲೆನಾಡಿನ ಡಿಸೆಂಬರ್ ಚಳಿಗೂ ಅದು ದ್ರವವಾಗಿ ಉಳಿಯದು. ಲೈಟರಿನೊಳಗೆ ಮಾತ್ರ ಅದರದೇ ಆವಿ ಅದನ್ನು ಅದುಮಿ ಹಿಡಿದಿರುತ್ತದೆ. ಆ ಒತ್ತಡ ನಮ್ಮ ಸುತ್ತಲ ಗಾಳಿಯದಕ್ಕಿಂತ ಎರಡು, ಎರಡೂವರೆ ಪಟ್ಟು. ಎಷ್ಟು ಸೊಗಸಾದ ಏರ್ಪಾಡು! ಕವಾಟ ತುಸು ತೆರೆದರೆ ಸಾಕು, ಪಂಪಿನ ಹಂಗಿಲ್ಲದೆ ಇಂಧನ ತಾನೇ ಹೊರಗೆ ಚಿಮ್ಮುತ್ತದೆ.

ಹಾರುವ ವಿಮಾನದೊಳಗೆ ಗಾಳಿಯ ಒತ್ತಡ ನೆಲದ ಮೇಲಿನದರ ಮುಕ್ಕಾಲು ಭಾಗಕ್ಕಿಂತ ಕೆಳಗೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಲೈಟರಿನ ಗೋಡೆಗೆ ಬೀಳುವ ಹೆಚ್ಚಿನ ಹೊರೆ ಅಷ್ಟೇ, ಕಾಲು ಪಾಲು. ಆದರೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿಗೆ ಕಾದರೆ ಅದೇ ಲೈಟರಿನೊಳಗಿನ ಒತ್ತಡ ಸುತ್ತಲ ಗಾಳಿಯದರ ಆರು ಪಟ್ಟು ದಾಟುತ್ತದೆ. ವಿಮಾನಕ್ಕೆ ಹೆದರುವವರೇ ಡ್ಯಾಶ್‌ಬೋರ್ಡಿನ ಮೇಲೆ ಲೈಟರ್ ಎಸೆದು ಪೇಟೆ ಸುತ್ತುತ್ತಾರೆ. ದಯವಿಟ್ಟು ಇವತ್ತೇ ತೆಗೆಯಿರಿ.

ಹಾಗಾದರೆ ತಡೆಯುವುದೇಕೆ? ಸೋರಿಕೆ ಮತ್ತು ಕಿಡಿ. ಬ್ಯೂಟೇನ್ ಗಾಳಿಗಿಂತ ಎರಡು ಪಟ್ಟು ಭಾರ, ತಳದಲ್ಲೇ ಮಡುಗಟ್ಟುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಹೊತ್ತಿಕೊಳ್ಳಬಲ್ಲದು. ಬಿಗಿಯಾಗಿ ತುಂಬಿದ ಸೂಟ್‌ಕೇಸಿನಲ್ಲಿ ಗುಂಡಿ ಅದುಮಿಕೊಂಡರೆ ಸರಕಿನ ಕೋಣೆಯಲ್ಲಿ ನೋಡುವವರಾರು? ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಿರಿ ಎನ್ನುವುದೂ ಇದೇ ಕಾರಣಕ್ಕೆ. ಹೊತ್ತಿದರೆ ಸಿಬ್ಬಂದಿಯ ಕಣ್ಣೆದುರೇ ಹೊತ್ತಲಿ, ಆರಿಸಲು ಅವರಿದ್ದಾರೆ.

ಜೇಬಿನ ಲೈಟರಿನ ವಿಚಾರದಲ್ಲಿ ದೇಶಗಳಿಗೆ ಒಮ್ಮತವಿಲ್ಲ. 2001ರ ಡಿಸೆಂಬರ್ 22ರಂದು ಪ್ಯಾರಿಸ್‌ನಿಂದ ಮಯಾಮಿಗೆ ಹೊರಟ ವಿಮಾನದಲ್ಲಿ ರಿಚರ್ಡ್ ರೀಡ್ ಬೂಟಿನಲ್ಲಿದ್ದ ಸ್ಫೋಟಕಕ್ಕೆ ಕಡ್ಡಿ ಗೀರಿದ. ಸಹಪ್ರಯಾಣಿಕರು ಹಿಡಿದು ಕಟ್ಟಿಹಾಕಿದರು. ಇಂಥ ಭಯದಿಂದಲೇ ಅಮೆರಿಕ 2005ರ ಏಪ್ರಿಲ್‌ನಲ್ಲಿ ಲೈಟರ್ ನಿಷೇಧಿಸಿತು. ದಿನಕ್ಕೆ ಸುಮಾರು 22,000 ಲೈಟರ್ ಕಸಿದು ಗುಡ್ಡೆ ಹಾಕುವುದಕ್ಕಿಂತ ಸ್ಫೋಟಕ ಹುಡುಕುವುದೇ ಮೇಲು ಎನಿಸಿ 2007ರ ಆಗಸ್ಟ್‌ನಲ್ಲಿ ಕೈಬಿಟ್ಟಿತು. ಅಲ್ಲೀಗ ಸಾಮಾನ್ಯ ಲೈಟರ್ ಒಂದನ್ನು ಜೇಬಿನಲ್ಲಿ ಒಯ್ಯಬಹುದು. ಭಾರತದಲ್ಲಿ ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ.

ನನಗೆ ನಮ್ಮ ನಿಯಮವೇ ಸರಿ ಕಾಣುತ್ತದೆ. 1973ರ ಜುಲೈನಲ್ಲಿ ಪ್ಯಾರಿಸ್ ಬಳಿ ವರಿಗ್ ಕಂಪನಿಯ ವಿಮಾನದ ಶೌಚಾಲಯದಲ್ಲಿ ಎದ್ದ ಬೆಂಕಿಯ ಹೊಗೆಗೆ ಸಿಕ್ಕಿ ಸತ್ತವರು 123 ಮಂದಿ. ಕಸದ ಡಬ್ಬಿಗೆ ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕೆಂದು ತನಿಖೆಯಲ್ಲಿ ಶಂಕಿಸಲಾಯಿತು.

ಬೆಂಕಿಪೊಟ್ಟಣಕ್ಕೂ ಇದೇ ನಿಯಮ. ಕಾಶಿಗೆ ಹೊರಟವರು ಪೂಜೆಯ ಗಂಟಿನಲ್ಲಿ ಕರ್ಪೂರ, ಪೊಟ್ಟಣ ಎರಡನ್ನೂ ಕಟ್ಟಿ "ದೇವರ ಸಾಮಾನು, ಏನೂ ಆಗದು" ಎನ್ನುವುದುಂಟು. ಇದು ಶುದ್ಧ ಅವಿವೇಕ. ಪೂಜೆಗೆ ಇಟ್ಟದ್ದೆಂದು ಕರ್ಪೂರ ಹೊತ್ತದೆ ಇರುವುದಿಲ್ಲ. ಎರಡೂ ಕಾಶಿಯಲ್ಲೇ ಸಿಗುತ್ತವೆ, ಇಳಿದ ಮೇಲೆ ಕೊಳ್ಳಿ.