ಹಿತ್ತಲಿನಲ್ಲಿ ಬೆಳ್ಳುಳ್ಳಿ ಮಡಿ, ಕೈತೋಟದಲ್ಲಿ ಕೀಟಗಳ ಹತೋಟಿ

ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿವೆ. ಈ ವಲಯದ ವಾರ್ಷಿಕ ಮಳೆ ಸುಮಾರು 455 ರಿಂದ 717 ಮಿಲಿಮೀಟರ್. ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಮಣ್ಣು ಬಹುಮಟ್ಟಿಗೆ ಮರಳು ಮಿಶ್ರಿತ ಕೆಂಪು ಮಣ್ಣು. ಕಡಲೆಕಾಯಿ, ರಾಗಿ, ತೊಗರಿ ಬೆಳೆಯುವ ಈ ಸೀಮೆಯಲ್ಲಿ ತರಕಾರಿಗೂ ಬೆಳ್ಳುಳ್ಳಿಗೂ ಸಂತೆಯನ್ನೇ ನಂಬಿರುವ ಮನೆಗಳು ಬಹಳ. 2024ರಲ್ಲಿ ಬೆಳ್ಳುಳ್ಳಿಯ ಬೆಲೆ ಕಿಲೋಗೆ 400 ರೂಪಾಯಿ ಮುಟ್ಟಿದಾಗ ಇದರ ಬಿಸಿ ಎಲ್ಲರಿಗೂ ತಟ್ಟಿತು.

ಹಿತ್ತಲಿನಲ್ಲಿ ಒಂದು ಮಡಿ ಬೆಳ್ಳುಳ್ಳಿ, ನಾಲ್ಕಾರು ಗಿಡ ಬದನೆ, ಬೆಂಡೆ, ಟೊಮ್ಯಾಟೊ ಬೆಳೆಯುವುದು ಕಷ್ಟವಲ್ಲ. ತೊಂದರೆ ಬರುವುದು ಹುಳು ಬಿದ್ದಾಗ. ತೊಗರಿಗೆ ಹೊಡೆದು ಉಳಿದ ಔಷಧಿಯ ಬಾಟಲಿ ಸೂರಿನಲ್ಲಿ ಇದ್ದೇ ಇರುತ್ತದೆ. ಅದನ್ನೇ ತಂದು ಬದನೆಗೂ ಹೊಡೆಯುವ ಅಭ್ಯಾಸ ಕೆಲವೆಡೆ ಇದೆ. ಈ ಅಭ್ಯಾಸವನ್ನು ಬಿಡಲೇಬೇಕು. ಬಿಟ್ಟರೂ ಬೆಳೆ ಕೈಗೆ ಹತ್ತುವ ಬಗೆಯನ್ನು ಇಲ್ಲಿ ತಿಳಿಸಲಾಗಿದೆ.

ಬೀಜದ ಆಯ್ಕೆ

ಬೆಳ್ಳುಳ್ಳಿ ಮೊದಲು ತಂಪಿನಲ್ಲಿ ಎಲೆ ಬೆಳೆಸಿಕೊಂಡು, ಹಗಲು ಉದ್ದವಾಗಿ ಬಿಸಿಲು ಏರತೊಡಗಿದಾಗ ಗೆಡ್ಡೆ ಕಟ್ಟುವ ಬೆಳೆ. ಬೆಟ್ಟ ಪ್ರದೇಶದ ದಪ್ಪ ಎಸಳಿನ ತಳಿಗಳಿಗೆ ಬಹಳ ಉದ್ದದ ಹಗಲು ಬೇಕು. ನಮ್ಮ ಸೀಮೆಯಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಕಂಡ ದಪ್ಪ ಗೆಡ್ಡೆಯನ್ನು ತಂದು ನೆಟ್ಟರೆ ಹುಲುಸಾಗಿ ಸೊಪ್ಪು ಬಂದೀತು, ಗೆಡ್ಡೆ ಬಾರದು. "ನಮ್ಮ ಮಣ್ಣಿಗೆ ಬೆಳ್ಳುಳ್ಳಿ ಒಗ್ಗದು" ಎಂಬ ಮಾತಿಗೆ ಇದೊಂದು ಕಾರಣ. ಬಯಲುಸೀಮೆಯಲ್ಲಿ ಬೆಳೆದ ಜವಾರಿ ಬೆಳ್ಳುಳ್ಳಿ ಅಥವಾ ಅಗ್ರಿಫೌಂಡ್ ವೈಟ್, ಯಮುನಾ ಸಫೇದ್‌ನಂತಹ ತಳಿಗಳನ್ನು ಆರಿಸಿಕೊಳ್ಳಬೇಕು.

ನಾಟಿ ಮತ್ತು ಆರೈಕೆ

ಮಳೆ ಮುಗಿದು ಮಣ್ಣು ಹದಕ್ಕೆ ಬಂದೊಡನೆ, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ, ನಾಟಿ ಮಾಡಬೇಕು. ತಡವಾದರೆ ಗೆಡ್ಡೆ ಬಲಿಯುವ ಮೊದಲೇ ಬೇಸಿಗೆಯ ಝಳಕ್ಕೆ ಸಿಕ್ಕಿ ಸಣ್ಣದಾಗುತ್ತದೆ.

ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಮಡಿ ಮಾಡಿ, ಒಂದು ಮಂಕರಿ (7–8 ಕಿಲೋ) ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಕಾಲು ಕಿಲೋ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿಯನ್ನು ಮಣ್ಣಿಗೆ ಬೆರೆಸಬೇಕು. ಗೆಡ್ಡೆ ಬಿಡಿಸಿ, ಹೊರಸುತ್ತಿನ ದಪ್ಪ ಎಸಳುಗಳನ್ನು ಮಾತ್ರ ಸಿಪ್ಪೆ ತೆಗೆಯದೆ ಬಳಸಬೇಕು. ಒಳಗಿನ ಸಣಕಲು ಎಸಳು ಅಡಿಗೆಗೆ ಸಾಕು. ಸಾಲಿನಿಂದ ಸಾಲಿಗೆ ಆರು ಅಂಗುಲ, ಎಸಳಿನಿಂದ ಎಸಳಿಗೆ ನಾಲ್ಕು ಅಂಗುಲ ಬಿಟ್ಟು, ಚೂಪು ತುದಿ ಮೇಲೆ ಬರುವಂತೆ ಎರಡು ಅಂಗುಲ ಆಳಕ್ಕೆ ಊರಬೇಕು. ಒಂದು ಮಡಿಗೆ ಸುಮಾರು 180 ಎಸಳು, ಎಂದರೆ ಕಾಲು ಕಿಲೋ ಬೀಜ ಹಿಡಿಯುತ್ತದೆ.

ಮೊದಲ ತಿಂಗಳು ನಾಲ್ಕೈದು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಸಲಕ್ಕೆ ನಾಲ್ಕೈದು ಕೊಡ ನೀರು ಸಾಕು. ಅಕ್ಕಿ, ತರಕಾರಿ ತೊಳೆದ ನೀರನ್ನೂ ಬಳಸಬಹುದು. ಸೋಪು ಬೆರೆತ ಬಚ್ಚಲ ನೀರನ್ನು ಬಾಳೆ, ನುಗ್ಗೆಯ ಬುಡಕ್ಕೆ ತಿರುಗಿಸುವುದು ಮೇಲು. ಸಾಲುಗಳ ನಡುವೆ ಕಡಲೆಕಾಯಿ ಸಿಪ್ಪೆ ಹರಡಿದರೆ ತೇವ ನಿಲ್ಲುತ್ತದೆ. ಬೆಳೆ ಮಂಕಾಗಿದ್ದರೆ ಒಂದು ತಿಂಗಳಿಗೆ 30 ಗ್ರಾಂ ಯೂರಿಯಾ ಕೊಡಬಹುದು. ಎರಡು ತಿಂಗಳಾದ ಮೇಲೆ ಕೊಡಬಾರದು, ಕೊಟ್ಟರೆ ಗೆಡ್ಡೆಯೊಳಗೇ ಮೊಳಕೆ ಒಡೆಯುವ ಸಂಭವ ಹೆಚ್ಚು.

ಬೆಳ್ಳುಳ್ಳಿಗೂ ಕೀಟದ ಕಾಟ ತಪ್ಪಿದ್ದಲ್ಲ. ಎಲೆಯ ಬುಡದಲ್ಲಿ ಅಡಗಿ ರಸ ಹೀರುವ ಥ್ರಿಪ್ಸ್ ನುಸಿಯಿಂದ ಎಲೆಯ ಮೇಲೆ ಬೆಳ್ಳಿಯಂತಹ ಗೆರೆ ಮೂಡುತ್ತದೆ. ಮೊದಲ ಹಂತದಲ್ಲಿ ನೀರನ್ನು ರಭಸವಾಗಿ ಚಿಮುಕಿಸಿ, ನಂತರ ಬೇವಿನ ಬೀಜದ ಕಷಾಯ ಸಿಂಪಡಿಸಬೇಕು.

ಸುಮಾರು 120 ರಿಂದ 135 ದಿನಕ್ಕೆ ಎಲೆಯ ತುದಿ ಹಳದಿಯಾಗಿ ಗಿಡ ಬಾಗತೊಡಗುತ್ತದೆ. ಕೀಳುವ 10–15 ದಿನ ಮೊದಲೇ ನೀರು ನಿಲ್ಲಿಸಬೇಕು. ಕಿತ್ತ ಗಿಡವನ್ನು ಎಲೆಸಹಿತ ವಾರ ಕಾಲ ನೆರಳಿನಲ್ಲಿ ಒಣಗಿಸಿ, ಜಡೆ ಹೆಣೆದು ಗಾಳಿಯಾಡುವ ಕಡೆ ತೂಗುಹಾಕಬೇಕು. ಆರೈಕೆ ಸರಿಯಾಗಿದ್ದರೆ ಮಡಿಗೆ ಸುಮಾರು ಎರಡು ಕಿಲೋ ಗೆಡ್ಡೆ ಸಿಗುತ್ತದೆ. ಒಳ್ಳೆಯ ಗೆಡ್ಡೆಗಳನ್ನು ಮುಂದಿನ ಬಿತ್ತನೆಗೆ ಎತ್ತಿಡಿ.

ಹೊಲದ ವಿಷ ಹಿತ್ತಲಿಗೆ ಬೇಡ

ಹೊಲದ ಬೆಳೆಗೂ ಕೈತೋಟಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ತೊಗರಿ ಒಂದೇ ಸಲ ಕೊಯ್ಲಿಗೆ ಬರುತ್ತದೆ. ಔಷಧಿ ಹೊಡೆದು ಕೊಯ್ಲಿಗೆ ಮುಂಚೆ ಕಾಯಲು ಅವಕಾಶವುಂಟು. ಹಿತ್ತಲಿನ ಬೆಂಡೆ, ಬದನೆಯನ್ನು ಎರಡು ಮೂರು ದಿನಕ್ಕೊಮ್ಮೆ ಕೊಯ್ಯುತ್ತೇವೆ. ಮಕ್ಕಳು ಟೊಮ್ಯಾಟೊವನ್ನು ಗಿಡದಿಂದಲೇ ಕಿತ್ತು ತಿನ್ನುತ್ತಾರೆ. ಇಲ್ಲಿ ಹೊಡೆದ ವಿಷ ನೇರವಾಗಿ ತಟ್ಟೆಗೆ ಬರುತ್ತದೆ.

ಮಾನೋಕ್ರೋಟೋಫಾಸ್ ಔಷಧಿಯನ್ನು ತರಕಾರಿಗಳ ಮೇಲೆ ಬಳಸುವುದನ್ನು 2005ರಲ್ಲಿಯೇ ನಿಷೇಧಿಸಲಾಗಿದೆ. ಎಂಡೋಸಲ್ಫಾನ್ 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು. ಫೋರೇಟ್ ಗುಳಿಗೆ ಮತ್ತು ಡೈಕ್ಲೋರ್‌ವಾಸ್ ಬಳಕೆ 2020ರ ಕೊನೆಗೆ ನಿಂತಿದೆ. ಹಳೆಯ ಡಬ್ಬಿಗಳು ಮನೆಯಲ್ಲಿದ್ದರೆ ತರಕಾರಿಗೆ ಮುಟ್ಟಿಸಬೇಡಿ.

ಮೊದಲು ಕಣ್ಣು, ಆಮೇಲೆ ಕೈ, ಕೊನೆಗೆ ಕಷಾಯ

ಬೆಳಿಗ್ಗೆ ನೀರು ಹಾಕುವಾಗಲೇ ಎಲೆಯ ಅಡಿಭಾಗವನ್ನು ಮಗುಚಿ ನೋಡಬೇಕು. ಯಾವ ಕೀಟವೆಂದು ತಿಳಿದರೆ ಉಪಾಯ ಸುಲಭ.

ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳು: ಮರಿ ಹುಳು ಮೊಟ್ಟೆಯಿಂದ ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಕುಡಿಯೊಳಗೆ ಸೇರಿಬಿಡುತ್ತದೆ. ಆಮೇಲೆ ಯಾವ ಸಿಂಪಡಣೆಯೂ ಅದನ್ನು ಸರಿಯಾಗಿ ಮುಟ್ಟುವುದಿಲ್ಲ. ಬಾಡಿ ಬಾಗಿದ ಕುಡಿಯನ್ನು ಒಂದು ಅಂಗುಲ ಕೆಳಗೆ ಚಿವುಟಿ, ತೂತು ಬಿದ್ದ ಕಾಯಿಯ ಜೊತೆ ಸುಟ್ಟುಹಾಕಬೇಕು. ವಾರಕ್ಕೆರಡು ಸಲ ಹೀಗೆ ಮಾಡಿದರೆ ಕಾಟ ಬಹಳ ಇಳಿಯುತ್ತದೆ.

ಬೆಂಡೆಯ ಹಳದಿ ನಂಜು ರೋಗ: ಇದು ಬಿಳಿನೊಣದಿಂದ ಹರಡುತ್ತದೆ. ನಂಜು ತಗುಲಿದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕು. ಅರ್ಕ ಅನಾಮಿಕ ತಳಿಗೆ ಈ ರೋಗವನ್ನು ತಡೆಯುವ ಶಕ್ತಿ ಇದೆ.

ಹೀರೆ, ಹಾಗಲದ ಹಣ್ಣುನೊಣ: ಕೊಳೆತು ಬಿದ್ದ ಕಾಯಿಗಳನ್ನು ಆರಿಸಿ ಎರಡು ಅಡಿ ಆಳದಲ್ಲಿ ಹೂಳಬೇಕು. ಎಳೆಯ ಕಾಯಿಗೆ ಕಾಗದ ಸುತ್ತಬಹುದು.

ಅವರೆ, ಅಲಸಂದೆಯ ಹೇನು: ಹೇನು ಮುತ್ತಿದ ತುದಿಯನ್ನು ಚಿವುಟಿ, ಇಬ್ಬನಿ ಆರುವ ಮೊದಲು ಜರಡಿ ಹಿಡಿದ ಬೂದಿಯನ್ನು ಎರಚಬೇಕು. ಅಲ್ಲಿ ಗುಲಗಂಜಿಯಂತಹ ಕೆಂಪು ಹುಳುಗಳಿದ್ದರೆ ಕೊಲ್ಲಬೇಡಿ. ಅವು ಹೇನನ್ನೇ ತಿಂದು ಬದುಕುತ್ತವೆ.

ಬೇವಿನ ಕಷಾಯ, ಬೆಳ್ಳುಳ್ಳಿ ಕಷಾಯ

ಬೇಸಿಗೆಯ ಕೊನೆಗೆ ಉದುರುವ ಬೇವಿನ ಹಣ್ಣನ್ನು ಆರಿಸಿ, ತಿರುಳು ತೊಳೆದು, ನೆರಳಿನಲ್ಲಿ ಒಣಗಿಸಿಡಿ. 50 ಗ್ರಾಂ ಬೀಜದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಹಿಂಡಿ, ಒಂದು ಗ್ರಾಂ ಸೋಪು ಬೆರೆಸಿ ಸಂಜೆ ಸಿಂಪಡಿಸಬೇಕು. ಬಿಸಿಲಿಗೆ ಇದರ ಶಕ್ತಿ ಕುಂದುತ್ತದೆ.

ಬೆಳ್ಳುಳ್ಳಿಯ ಘಾಟಿಗೆ ಕಾರಣವಾದ ಅಲಿಸಿನ್ ಇಡೀ ಎಸಳಿನಲ್ಲಿ ಇರುವುದಿಲ್ಲ. ಜಜ್ಜಿದಾಗ ಒಳಗಿನ ಎರಡು ವಸ್ತುಗಳು ಕೂಡಿ ಅದು ಹುಟ್ಟುತ್ತದೆ. ಜಜ್ಜದೆ ಕುದಿಸಿದರೆ ಅದು ಹುಟ್ಟುವುದೇ ಇಲ್ಲ. ಆದ್ದರಿಂದ 50 ಗ್ರಾಂ ಬೆಳ್ಳುಳ್ಳಿ, 50 ಗ್ರಾಂ ಹಸಿಮೆಣಸಿನಕಾಯಿಯನ್ನು ನುಣ್ಣಗೆ ಅರೆದು, ತಣ್ಣೀರಿನಲ್ಲಿ ನೆನೆಸಿ, ಸೋಸಿ, ಐದು ಲೀಟರಿಗೆ ಹಿಗ್ಗಿಸಿ, ಐದು ಗ್ರಾಂ ಸೋಪು ಸೇರಿಸಬೇಕು. ಮೊದಲು ಎರಡು ಎಲೆಗೆ ಹಚ್ಚಿ, ಮಾರನೆಯ ದಿನ ಸುಡದಿದ್ದರೆ ಮಾತ್ರ ಗಿಡಕ್ಕೆಲ್ಲ ಸಿಂಪಡಿಸಿ.

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ಬೆಳ್ಳುಳ್ಳಿ ಸುಳ್ಳು ಮಾಡುತ್ತದೆ. ಹಾಗೆಂದು ಅದು ಎಲ್ಲಕ್ಕೂ ಮದ್ದಲ್ಲ. ಹೇನಿನಂತಹ ಮೆತ್ತನೆಯ ಕೀಟಗಳನ್ನು ಅದು ಸ್ವಲ್ಪ ಕಾಲ ದೂರವಿಡಬಲ್ಲದು. ಕಾಯಿಯೊಳಗಿನ ಹುಳುವಿಗೆ ತಾಗದು. ಮಳೆ ಬಂದರೆ ತೊಳೆದುಹೋಗುತ್ತದೆ.

ಇಷ್ಟಾದರೂ ಹತೋಟಿಗೆ ಬಾರದಿದ್ದರೆ, ಕೀಟ ಬಿದ್ದ ಎಲೆ ಅಥವಾ ಕಾಯಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ತುಮಕೂರಿನ ಬಳಿಯ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ. ಔಷಧಿ ಅಂಗಡಿಗೆ ಹೋಗುವುದು ಅಲ್ಲಿಂದ ಬಂದ ಮೇಲೆ.