ಅರಿಕೆ, ಆಲೋಚನೆ, ಅನುಮತಿ: ಮೈಸೂರಿನ ಆಯವ್ಯಯಕ್ಕೆ ಮೇರೆ ಬಂದ ಬಗೆ

ಅರಸನಾಗಲಿ ಪ್ರಜಾಪ್ರಭುತ್ವವಾಗಲಿ ಪ್ರಜೆಗಳಿಂದ ಧನವನ್ನು ಕೊಳ್ಳುವುದಕ್ಕೆ ಒಂದು ಮೇರೆ ಇರತಕ್ಕದ್ದೆಂಬುದು ಸರ್ವಸಮ್ಮತವಾದ ಮಾತು. ವಿವಾದವಿರುವುದು ಬೇರೆ ಕಡೆಯಲ್ಲಿ: ಆ ಮೇರೆಯನ್ನು ಇಡುವವರು ಯಾರು? ಅದನ್ನು ಕಾಯುವವರು ಯಾರು? ಮೈಸೂರು ಸಂಸ್ಥಾನದಲ್ಲಿಯೂ ಆಮೇಲೆ ಕರ್ನಾಟಕ ರಾಜ್ಯದಲ್ಲಿಯೂ 1881ರಿಂದ ಈಚೆಗೆ ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ಕ್ರಮವಾಗಿ ನೋಡಿದರೆ ಅರಿಕೆ, ಆಲೋಚನೆ, ಅನುಮತಿ ಎಂಬ ಮೂರು ಮೆಟ್ಟಿಲುಗಳು ಕಾಣುತ್ತವೆ. ಮೂರನೆಯದನ್ನು ಏರಿದ ಮೇಲೆಯೂ ಕಾವಲಿನ ಕೆಲಸ ಮುಗಿಯಲಿಲ್ಲವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದಗಳ ವಿಚಾರ. ‘ತೆರು’ ಎಂದರೆ ಸಲ್ಲಿಸು, ಕೊಡು, ಅದರಿಂದ ‘ತೆರಿಗೆ’. ‘ಶುಲ್ಕ’ದ ತದ್ಭವ ‘ಸುಂಕ’. ಮೂಲ ಒಂದೇ ಆದರೂ ಇಂದಿನ ವ್ಯವಹಾರದಲ್ಲಿ ಇವೆರಡೂ ಬೇರೆ ಬೇರೆಯಾಗಿವೆ: ಸುಂಕವೆಂದರೆ ಸರಕಿನ ಮೇಲಣ ತೆರಿಗೆ, ಶುಲ್ಕವೆಂದರೆ ಪಡೆದ ಸೇವೆಗೆ ಪ್ರತಿಯಾಗಿ ಕೊಡುವ ಹಣ. ಈ ಭೇದವು ಕೇವಲ ನಿಘಂಟುಕಾರರ ಕುತೂಹಲವಲ್ಲ; ಒಂದು ಶಾಸನದ ಅಳಿವು ಉಳಿವು ಇದರ ಮೇಲೆ ನಿಂತುದನ್ನು ಮುಂದೆ ಕಾಣಬಹುದು. ಆಯವೆಂದರೆ ಬರುವುದು, ವ್ಯಯವೆಂದರೆ ಹೋಗುವುದು. ಎರಡನ್ನೂ ವರ್ಷಕ್ಕೆ ಮುಂಚೆಯೇ ಅಂದಾಜು ಮಾಡಿ ಬರೆದಿಟ್ಟದ್ದು ಆಯವ್ಯಯದ ಮುಂಗಡಪತ್ರ.

ಪ್ರಾಚೀನರಲ್ಲಿಯೂ ಮೇರೆಯ ಕಲ್ಪನೆ ಇತ್ತು. ಬೆಳೆಯಲ್ಲಿ ಆರನೆಯ ಒಂದು ಪಾಲು ರಾಜಭಾಗವೆಂಬ ಮಾತು ಧರ್ಮಶಾಸ್ತ್ರಗಳಲ್ಲಿ ಪ್ರಸಿದ್ಧವಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟರು. ಅದರಲ್ಲಿ, ಬೊಕ್ಕಸ ಬರಿದಾದಾಗ ಅರಸನು ಪ್ರಜೆಗಳಿಂದ ಹೆಚ್ಚಿನ ಧನವನ್ನು ಬೇಡಬಹುದೆಂದೂ, ಹಾಗೆ ಬೇಡುವುದು ಒಂದು ಸಲ ಮಾತ್ರವೇ, ಎರಡನೆಯ ಸಲ ಕೂಡದೆಂದೂ ವಿಧಿ ಇದೆ. ಆಪತ್ತಿನ ಹೆಸರಿನಲ್ಲಿ ಬಂದ ತೆರಿಗೆ ಆಪತ್ತು ಕಳೆದ ಮೇಲೆಯೂ ನಿಲ್ಲುವುದುಂಟೆಂದು ಆ ಶಾಸ್ತ್ರಕಾರನು ಬಲ್ಲವನಾಗಿದ್ದನು. ಆದರೆ ಅರಸನೇ ಮೇರೆಯನ್ನು ಮೀರಿದರೆ ಲೆಕ್ಕ ಕೇಳುವ ಸಭೆಯನ್ನು ಅವನು ಏರ್ಪಡಿಸಲಿಲ್ಲ. ಮೇರೆ ಇತ್ತು, ಕಾವಲುಗಾರನಿರಲಿಲ್ಲ.

ಆ ಕೊರತೆಯನ್ನು ಮೈಸೂರಿನಲ್ಲಿ ಮೊದಲು ಸ್ವಲ್ಪಮಟ್ಟಿಗೆ ನೀಗಿದವರು ದಿವಾನ್ ಸಿ. ರಂಗಾಚಾರ್ಲು ಅವರು. 1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿ ಬಂದ ವರ್ಷವೇ ದಸರೆಯ ಕಾಲದಲ್ಲಿ 144 ಜನ ಸದಸ್ಯರ ಪ್ರಜಾಪ್ರತಿನಿಧಿ ಸಭೆ ಸೇರಿತು. ದಿವಾನರು ಹಿಂದಿನ ವರ್ಷದ ಆಡಳಿತದ ವಿವರವನ್ನು ಸಭೆಯ ಮುಂದಿಡುವರು. ಸದಸ್ಯರು ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವರು. ಸಭೆಗೆ ಮತ ಕೊಡುವ ಅಧಿಕಾರವಿರಲಿಲ್ಲ. ಆದರೂ ಸರ್ಕಾರವು ತನ್ನ ಕಾರ್ಯಗಳ ವಿವರವನ್ನು ಪ್ರಜೆಗಳ ಮುಂದೆ ಒಪ್ಪಿಸುವ ವಾಡಿಕೆ ಅಲ್ಲಿಂದ ಬೇರೂರಿತು. ಇದು ಮೊದಲನೆಯ ಮೆಟ್ಟಿಲು.

ಎರಡನೆಯದು ನಿಧಾನವಾಗಿ ಬಂದಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪಿತವಾಯಿತು. ಡಾ. ಬ್ರಜೇಂದ್ರನಾಥ ಸೀಲರ ಸಮಿತಿಯ ವರದಿಯ ತರುವಾಯ 1923ರ ಶಾಸನಗಳಿಂದ ಎರಡು ಸಭೆಗಳಿಗೂ ಹೊಸ ಬಲ ಬಂದಿತು. ಹೊಸ ತೆರಿಗೆಯನ್ನು ವಿಧಿಸುವುದಕ್ಕೆ ಮುಂಚೆ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂದಾಯಿತು. ನ್ಯಾಯವಿಧಾಯಕ ಸಭೆಗೆ ವೆಚ್ಚದ ಬೇಡಿಕೆಗಳ ಮೇಲೆ ಮತ ಕೊಡುವ ಹಕ್ಕು ದೊರೆಯಿತು. ಆದರೆ ಅರಮನೆ, ಸೇನೆ, ಬ್ರಿಟಿಷ್ ಸರ್ಕಾರದ ಸಂಬಂಧ ಮುಂತಾದ ವಿಷಯಗಳು ಮತದ ಹೊರಗೇ ಉಳಿದುವು.

ಹೊರಗುಳಿದುದರ ಭಾರವೆಷ್ಟೆಂಬುದಕ್ಕೆ ಪೊಗದಿಯ ಕಥೆಯೇ ಸಾಕ್ಷಿ. 1799ರ ಸಂಧಿಯಂತೆ ಮೈಸೂರು ವರ್ಷಂಪ್ರತಿ ಕೊಡಬೇಕಾಗಿದ್ದ ಮೊತ್ತ 24½ ಲಕ್ಷ ರೂಪಾಯಿ. 1881ರ ಹಸ್ತಾಂತರ ಪತ್ರದಲ್ಲಿ ಅದನ್ನು 35 ಲಕ್ಷಕ್ಕೆ ಏರಿಸಿದರು. ಕ್ಷಾಮದಿಂದ ಬಳಲಿದ್ದ ರಾಜ್ಯವು ಹೆಚ್ಚಿನ ಮೊತ್ತವನ್ನು ಹೊರಲಾರದೆಂದು ಅದರ ವಸೂಲನ್ನು 1896ರವರೆಗೆ ಮುಂದೂಡಲಾಯಿತು. ಕೊನೆಗೆ ಏರಿಸಿದ 10½ ಲಕ್ಷವನ್ನು ಬಿಟ್ಟುಕೊಡುವುದಾಗಿ ವೈಸರಾಯ್ ಲಾರ್ಡ್ ಇರ್ವಿನ್ ಪ್ರಕಟಿಸಿದುದು 1927ರಲ್ಲಿ. ಅಷ್ಟು ವರ್ಷ ರೈತನು ತೆತ್ತ ಕಂದಾಯದಿಂದ ಹೊರಟ ಆ ಹಣವನ್ನು ಕುರಿತು ಮೈಸೂರಿನ ಯಾವ ಸಭೆಯೂ ‘ಕೊಡೆವು’ ಎನ್ನುವಂತಿರಲಿಲ್ಲ.

ಸಭೆಗಳು ಹೀಗೆ ಬೆಳೆಯುತ್ತಿದ್ದಾಗಲೇ ಅವುಗಳ ಹೊರಗೆ ಲೋಕಮತವನ್ನು ರೂಪಿಸುವ ಸಂಸ್ಥೆಗಳೂ ಹುಟ್ಟಿದುವು. 1911ರಲ್ಲಿ ಏರ್ಪಟ್ಟ ಮೈಸೂರು ಸಂಪದಭ್ಯುದಯ ಸಮಾಜವು ಕೃಷಿ, ಕೈಗಾರಿಕೆ, ವಿದ್ಯೆಗಳನ್ನು ಒಟ್ಟಿಗೆ ವಿಚಾರಿಸಿತು. ಚಾಮರಾಜಪೇಟೆಯಲ್ಲಿ ಇಂದು ನೆಲೆಸಿರುವ ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಜನಿಸಿದುದು ಆ ಸಮಾಜದ ಪ್ರಯತ್ನದಿಂದಲೇ ಎಂಬುದನ್ನು ಸಾಹಿತ್ಯೋಪಾಸಕರು ಮರೆಯಬಾರದು. ಮರು ವರ್ಷ ಮೈಸೂರು ವಾಣಿಜ್ಯ ಮಂಡಲಿ ಸ್ಥಾಪಿತವಾಯಿತು. ಸಂಪತ್ತಿನ ಚಿಂತೆ, ಭಾಷೆಯ ಚಿಂತೆ ಇವೆರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೆಂದರೆ ಅತಿಶಯೋಕ್ತಿಯಲ್ಲ.

ಈ ಎರಡನ್ನೂ ಒಬ್ಬನೇ ವ್ಯಕ್ತಿಯಲ್ಲಿ ಕಾಣಬೇಕಾದರೆ ಡಿ. ವಿ. ಗುಂಡಪ್ಪನವರನ್ನು ನೋಡತಕ್ಕದ್ದು. ಕವಿಯೂ ಪತ್ರಿಕಾಕರ್ತರೂ ಆಗಿದ್ದ ಅವರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿಯೂ ಬಹುಕಾಲ ಇದ್ದರು. ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಬರೆದರು. 1945ರಲ್ಲಿ ಅವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯು ಬಸವನಗುಡಿಯ ಪ್ರಾಂತದಲ್ಲಿದೆ. ಯಾವ ಪಕ್ಷಕ್ಕೂ ಸೇರದೆ ರಾಜ್ಯದ ವಿಷಯಗಳನ್ನು ಪ್ರಜೆಗಳು ಅಧ್ಯಯನ ಮಾಡಿ ಮಾತನಾಡಬೇಕೆಂಬುದು ಅದರ ಸಂಕಲ್ಪ. ಗೋಪಾಲಕೃಷ್ಣ ಗೋಖಲೆಯವರ ಹೆಸರು ಅದಕ್ಕೆ ಸಾರ್ಥಕವಾಗಿಯೇ ಬಂದಿದೆ. 1902ರಲ್ಲಿ ಸಾಮ್ರಾಜ್ಯದ ಶಾಸನಸಭೆಯಲ್ಲಿ ಮುಂಗಡಪತ್ರದ ಮೇಲೆ ಮಾತನಾಡಿದ ಗೋಖಲೆಯವರು, ಜನರು ಕ್ಷಾಮದಿಂದ ನರಳುತ್ತಿರುವಾಗ ಬೊಕ್ಕಸದಲ್ಲಿ ಮಿಗತೆ ತೋರುವುದು ಐಶ್ವರ್ಯದ ಲಕ್ಷಣವಲ್ಲ, ತೆರಿಗೆ ಅಗತ್ಯಕ್ಕಿಂತ ಹೆಚ್ಚಾಗಿದೆಯೆಂಬುದರ ಲಕ್ಷಣವೆಂದು ಸರ್ಕಾರದ ಅಂಕಿಗಳಿಂದಲೇ ಸಾಧಿಸಿದರು. ಮಣಕ್ಕೆ 2½ ರೂಪಾಯಿ ಇದ್ದ ಉಪ್ಪಿನ ತೆರಿಗೆಯನ್ನು 1903ರಲ್ಲಿ 2 ರೂಪಾಯಿಗೆ ಇಳಿಸಲಾಯಿತು. ಮತದ ಬಲವಿಲ್ಲದ ಸಭೆಯಲ್ಲಿಯೂ ಲೆಕ್ಕವನ್ನು ಓದಬಲ್ಲವನ ಮಾತಿಗೆ ತೂಕವುಂಟೆಂಬುದಕ್ಕೆ ಇದು ನಿದರ್ಶನ.

ಮೂರನೆಯ ಮೆಟ್ಟಿಲು 1950ರ ಸಂವಿಧಾನ. ಅದರ 265ನೆಯ ಅನುಚ್ಛೇದದಂತೆ ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದು, ವಸೂಲು ಮಾಡಲೂ ಕೂಡದು. ಅರಸನ ಆಜ್ಞೆಯಾಗಲಿ ಮಂತ್ರಿಯ ಸುತ್ತೋಲೆಯಾಗಲಿ ಸಾಲದು. ಪ್ರಜೆಗಳು ಆರಿಸಿದ ಸಭೆಯ ಅನುಮತಿ ಬೇಕು. ಆ ಸಭೆಗೂ ತನ್ನ ಪಾಲಿಗೆ ಬಂದ ವಿಷಯಗಳಲ್ಲಿ ಮಾತ್ರವೇ ತೆರಿಗೆ ಹಾಕುವ ಅಧಿಕಾರ. ಇದರ ಅರ್ಥವು ಸ್ಫುಟವಾದದ್ದು ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ವ್ಯಾಜ್ಯದಲ್ಲಿ. ಆಗ ಉಡುಪಿ ಮದರಾಸು ರಾಜ್ಯಕ್ಕೆ ಸೇರಿತ್ತು. 1951ರ ಮದರಾಸು ಶಾಸನವು ಮಠಮಂದಿರಗಳಿಂದ ಆದಾಯದಲ್ಲಿ ನೂರಕ್ಕೆ 5ಕ್ಕೆ ಮೀರದ ವಾರ್ಷಿಕ ವಂತಿಗೆಯನ್ನು ಕೇಳಿತು. ಇದು ಮೇಲ್ವಿಚಾರಣೆಯ ಶುಲ್ಕವೆಂಬುದು ಸರ್ಕಾರದ ಪಕ್ಷ. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಣವು ಸಾಮಾನ್ಯ ಬೊಕ್ಕಸದಲ್ಲಿ ಬೆರೆತುಹೋಗುವುದರಿಂದಲೂ ಮಾಡುವ ಸೇವೆಗೂ ಕೊಳ್ಳುವ ಮೊತ್ತಕ್ಕೂ ಸಂಬಂಧ ಕಾಣದಿರುವುದರಿಂದಲೂ ಇದು ಶುಲ್ಕವಲ್ಲ, ತೆರಿಗೆಯೇ ಎಂದೂ, ಅಂಥ ತೆರಿಗೆ ರಾಜ್ಯದ ಶಾಸನಸಭೆಯ ಅಧಿಕಾರಕ್ಕೆ ಮೀರಿದ್ದೆಂದೂ ತೀರ್ಪಿತ್ತು ಆ ವಿಧಿಯನ್ನು ತೆಗೆದುಹಾಕಿತು. ಶಬ್ದಾರ್ಥನಿರ್ಣಯವೇ ಇಲ್ಲಿ ಧನನಿರ್ಣಯವಾಯಿತು.

ಇಷ್ಟಾದ ಮೇಲೆ ಕಾವಲು ಪೂರ್ಣವಾಯಿತೆನ್ನಬಹುದೇ? ಆಗಲಿಲ್ಲ. ಇಂದಿನ ಸಂವಿಧಾನದಲ್ಲಿಯೂ ಕೆಲವು ವೆಚ್ಚಗಳು ರಾಜ್ಯದ ಸಂಚಿತ ನಿಧಿಯ ಮೇಲೆ ನೇರವಾಗಿ ಹೊರಿಸಿದಂಥವು. ಸಭೆಯು ಅವನ್ನು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಉಚ್ಚ ನ್ಯಾಯಾಲಯದ ನ್ಯಾಯಾಧೀಶರ ವೇತನ ಅಂಥದು. ನ್ಯಾಯಾಲಯದ ಸ್ವಾತಂತ್ರ್ಯಕ್ಕೆ ಅದು ಆವಶ್ಯಕ. ಸಾಲದ ಬಡ್ಡಿಯೂ ಅಂಥದೇ. ಆದಕಾರಣ ಒಂದು ಸಭೆಯು ಇಂದು ಒಪ್ಪಿದ ಸಾಲವು ನಾಳಿನ ಸಭೆಯ ಕೈಯಿಂದ ಅಷ್ಟು ಹಣವನ್ನು ತಪ್ಪಿಸುತ್ತದೆ. ಹಿಂದೆ ಪೊಗದಿಯು ಮತದ ಹೊರಗಿದ್ದಂತೆ ಈಗ ಬಡ್ಡಿ ಹೊರಗಿದೆ. ಭೇದವಿಷ್ಟೇ, ಪೊಗದಿಯನ್ನು ಪರರು ಹೊರಿಸಿದರು, ಸಾಲವನ್ನು ನಾವೇ ಹೊತ್ತುಕೊಳ್ಳುತ್ತೇವೆ.

ಈ ಅಪಾಯವನ್ನು ಅರಿತೇ ಕರ್ನಾಟಕವು 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು ಮಾಡಿತು. ರಾಜ್ಯಗಳಲ್ಲಿ ಇಂಥ ಶಾಸನವನ್ನು ಮಾಡಿದುದರಲ್ಲಿ ಇದೇ ಮೊದಲನೆಯದು. ಕೇಂದ್ರದ ಶಾಸನ ಬಂದುದು 2003ರಲ್ಲಿ. ವಿತ್ತೀಯ ಕೊರತೆಯು ರಾಜ್ಯದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ 3ನ್ನು ಮೀರಬಾರದೆಂದು ಅದು ಗೆರೆ ಎಳೆಯಿತು. 2020ರಲ್ಲಿ ಮಹಾಮಾರಿಯ ನಿಮಿತ್ತ ಅದೇ ಶಾಸನವನ್ನು ತಿದ್ದಿ 2020–21ನೆಯ ವರ್ಷಕ್ಕೆ ಗೆರೆಯನ್ನು 5ಕ್ಕೆ ಸರಿಸಲಾಯಿತು. ಆಪತ್ತಿನಲ್ಲಿ ಇದು ಅಕಾರ್ಯವೆನ್ನಲಾಗದು. ಆದರೆ ಸಭೆಯು ಎಳೆದ ಗೆರೆಯನ್ನು ಸಭೆಯೇ ಸರಿಸಬಲ್ಲದೆಂಬುದೂ ಇದರಿಂದ ವಿದಿತವಾಯಿತು. ‘ಒಂದೇ ಸಲ’ ಎಂಬ ಕೌಟಿಲ್ಯನ ಎಚ್ಚರಿಕೆ ಇಲ್ಲಿ ನೆನೆಯತಕ್ಕದ್ದು.

ಅಂಕಿಸಂಖ್ಯೆಗಳ ಗೊಡವೆ ಸಾಹಿತ್ಯದ ಅಧ್ಯಾಪಕರಿಗೇಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ಗಾಂಧಿನಗರದ ವಾಣಿಜ್ಯ ತೆರಿಗೆ ಕಾರ್ಯಾಲಯದ ಮುಂದೆ ನಿಂತ ಸಣ್ಣ ವರ್ತಕನಿಗೆ ತಾನು ಕೊಡುತ್ತಿರುವುದು ತೆರಿಗೆಯೋ ಶುಲ್ಕವೋ ದಂಡವೋ ತಿಳಿಯದಿದ್ದರೆ ಆ ಅಜ್ಞಾನದ ಹೊಣೆಯಲ್ಲಿ ಭಾಷೆಯನ್ನು ಕಲಿಸುವವರ ಪಾಲೂ ಇದೆ ಎಂಬುದು ಅದಕ್ಕೆ ಸಮಾಧಾನ. ಸಂವಿಧಾನವು ಅನುಮತಿಯ ಹಕ್ಕನ್ನು ಕೊಟ್ಟಿದೆ. ಓದಿ ಅರ್ಥಮಾಡಿಕೊಳ್ಳದೆ ಕೊಟ್ಟ ಅನುಮತಿಯು ಹಳೆಯ ಅರಿಕೆಗಿಂತಲೂ ದುರ್ಬಲವಾದುದು. ಅರಿಕೆ ಮಾಡಿದವನಿಗೆ ತನ್ನ ಕಷ್ಟವಾದರೂ ಗೊತ್ತಿತ್ತು. ಪ್ರೌಢಶಾಲೆಯ ಕನ್ನಡದ ತರಗತಿಯಲ್ಲಿ ಮುಂಗಡಪತ್ರದ ಒಂದು ಪುಟವನ್ನು ವರ್ಷಕ್ಕೊಮ್ಮೆ ಪದಶಃ ಓದಿಸಿ ಅರ್ಥ ಹೇಳಿಸಿದರೆ, ರಂಗಾಚಾರ್ಲು ಅವರಿಂದ ಗುಂಡಪ್ಪನವರವರೆಗೆ ಹಿರಿಯರು ಕಾದುಕೊಂಡು ಬಂದ ಮೇರೆಗೆ ಹೊಸ ಕಾವಲುಗಾರರು ದೊರೆತಾರು.