ಕೇಸ್ ಇಂಟರ್‌ವ್ಯೂ ಅಂದ್ರ ಏನು? ಬೈಲಹೊಂಗಲದ ಜಿನ್ನಿಂಗ್ ಮಿಲ್ ಲೆಕ್ಕದಾಗ ತಿಳ್ಕೊಳ್ಳೋಣ

ಬಿ.ಕಾಂ. ಮುಗಿಸಿ ಕನ್ಸಲ್ಟಿಂಗ್ ಕೆಲಸಕ್ಕೆ ಅರ್ಜಿ ಹಾಕೋರಿಗೆ ಒಂದು ಹೆದರಿಕಿ ಇರ್ತದ. ಅದು ಕೇಸ್ ರೌಂಡ್. ಇವತ್ತಿನ ಸಂಚಿಕೆ ಅದರ ಮ್ಯಾಲೇ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ತೀನಿ. ಮೆಕಿನ್ಸೆ, ಬಿಸಿಜಿ, ಬೇನ್‌ನಂಥ ಕಂಪನಿಗಳು ಹೆಚ್ಚಾಗಿ ಐಐಎಂ, ಐಐಟಿ ಕ್ಯಾಂಪಸ್‌ಗಳಿಂದಲೇ ಆರಿಸಿಕೊಳ್ಳುತ್ತವೆ. ಬೈಲಹೊಂಗಲಕ್ಕಾಗಲಿ ರಾಮದುರ್ಗಕ್ಕಾಗಲಿ ಅವರು ಬರೋದಿಲ್ಲ. ಆದರೆ ಇದೇ ಮಾದರಿಯ ಪ್ರಶ್ನೆಗಳನ್ನು ಈಗ ಡೆಲಾಯ್ಟ್, ಕೆಪಿಎಂಜಿಯಂಥ ಕಡೆಯ ಕೆಲವು ಹುದ್ದೆಗಳಿಗೂ, ಬೆಂಗಳೂರಿನ ಸ್ಟಾರ್ಟ್‌ಅಪ್‌ಗಳ ಬಿಸಿನೆಸ್ ಅನಲಿಸ್ಟ್ ಕೆಲಸಕ್ಕೂ ಕೇಳುತ್ತಾರೆ. ಅಲ್ಲಿ ನಮ್ಮ ಡಿಗ್ರಿಗೂ ಬಾಗಿಲು ಐತಿ. ಹಂಗಾಗಿ ಕಲಿತದ್ದು ವ್ಯರ್ಥ ಆಗೂದಿಲ್ಲ.

ಕೇಸ್ ಅಂದರೆ ಅರ್ಧ ತಾಸಿನ ಆಸುಪಾಸಿನ ಮಾತುಕತೆ. ಒಂದು ವ್ಯಾಪಾರದ ಸಮಸ್ಯೆ ಕೊಡುತ್ತಾರೆ. ನೀವು ಪ್ರಶ್ನೆ ಕೇಳಿ, ಸಮಸ್ಯೆಯನ್ನು ಭಾಗ ಮಾಡಿ, ಲೆಕ್ಕ ಹಾಕಿ, ಕೊನೆಗೆ ಸಲಹೆ ಕೊಡಬೇಕು. ಅವರು ನೋಡೋದು ನೀವು ಹೆಂಗ ವಿಚಾರ ಮಾಡ್ತೀರಿ ಅನ್ನೋದನ್ನ.

ಉದಾಹರಣೆಗೆ, ಬೈಲಹೊಂಗಲದಲ್ಲಿ ಒಂದು ಹತ್ತಿ ಜಿನ್ನಿಂಗ್ ಮಿಲ್ ಐತಿ ಅಂತ ಇಟ್ಕೊಳ್ರಿ. ಹೋದ ವರ್ಷ ಲಾಭ 40 ಲಕ್ಷ, ಈ ವರ್ಷ 16 ಲಕ್ಷ. ಯಾಕೆ? (ಅಂಕಿಗಳೆಲ್ಲ ಲೆಕ್ಕಕ್ಕಾಗಿ ಹಿಡಿದವು.)

ಬಹಳ ಮಂದಿ ಕೂಡಲೇ 'ಮಾರ್ಕೆಟಿಂಗ್ ಕಡಿಮೆ ಆಗೇತಿ' ಅಂತ ಹೇಳಿಬಿಡ್ತಾರ. ಅದು ಊಹೆ. ಮೊದಲು ಎರಡು ಭಾಗ ಮಾಡ್ರಿ: ಆದಾಯ, ವೆಚ್ಚ. ವೆಚ್ಚ ಬದಲಾಗೇತೇನು ಅಂತ ಕೇಳಿದಾಗ 'ಇಲ್ಲ' ಅಂದರು. ಆದಾಯ ಬರೋದು ಎರಡರಿಂದ: ಅರಳೆ ಮತ್ತು ಹತ್ತಿಕಾಳು. ದರ ಅಷ್ಟೇ ಐತಿ, ಖರೀದಿಯೂ ಅಷ್ಟೇ, ಸೀಸನ್ನಿಗೆ 10,000 ಕ್ವಿಂಟಲ್. ಹಂಗಾದರ ಉಳಿದದ್ದು ಒಂದೇ, ಇಳುವರಿ. ಕೇಳಿದರೆ, ಕ್ವಿಂಟಲ್‌ಗೆ 35 ಕೆ.ಜಿ. ಬರುತ್ತಿದ್ದ ಅರಳೆ ಈಗ 33 ಕೆ.ಜಿ.; ಆ 2 ಕೆ.ಜಿ. ಕಾಳಿನ ಜೊತೆ ಹೋಗುತ್ತಿದೆ.

ಅರಳೆಗೆ ಕೆ.ಜಿ.ಗೆ 150 ರೂಪಾಯಿ, ಕಾಳಿಗೆ 30 ಅಂತ ಹಿಡಿದರೆ, 300 ಹೋಯಿತು, 60 ಬಂತು. ಕ್ವಿಂಟಲ್‌ಗೆ 240 ರೂಪಾಯಿ ನಷ್ಟ. 10,000 ಕ್ವಿಂಟಲ್‌ಗೆ 24 ಲಕ್ಷ. ಕಳೆದುಹೋದ ಲಾಭ ಪೂರಾ ಸಿಕ್ಕಿತು ನೋಡ್ರಿ.

ಇಲ್ಲಿಗೆ ನಿಲ್ಲಬ್ಯಾಡ್ರಿ. ಎಲ್ಲ ಮಾಲಿನಲ್ಲೂ ಇಳುವರಿ ಬಿದ್ದಿದ್ದರೆ ಮೊದಲು ಯಂತ್ರ ತಪಾಸಣೆ ಮಾಡಿಸಬೇಕು. ಕೆಲವೇ ವ್ಯಾಪಾರಿಗಳ ಮಾಲಿನಲ್ಲಿ ಬಿದ್ದಿದ್ದರೆ ಖರೀದಿ ನೋಡಬೇಕು. ಹೀಗೆ ಹೇಳಿದರೆ ಅದು ಸಲಹೆ ಆಗುತ್ತದೆ.

ಎರಡನೇ ನಮೂನೆ ಅಂದಾಜಿನ ಪ್ರಶ್ನೆ, ಗೆಸ್ಟಿಮೇಟ್ ಅಂತಾರ. 'ಬನದ ಹುಣ್ಣಿವಿಗೆ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಎಷ್ಟು ಭಂಡಾರ ಮಾರಾಟ ಆಗಬಹುದು?' ಇಲ್ಲಿ ಮಂದಿಯ ಸಂಖ್ಯೆಯಿಂದ ನೇರ ಗುಣಿಸಿದರೆ ಲೆಕ್ಕ ಕೆಡುತ್ತದೆ. ಭಂಡಾರ ಕೊಳ್ಳೋದು ಮನೆಗೊಂದು ಪೊಟ್ಟಣದ ಲೆಕ್ಕದಾಗ, ತಲೆಗೊಂದು ಅಲ್ಲ. ಆದ್ದರಿಂದ ಮಂದಿಯನ್ನು ಕುಟುಂಬಗಳಾಗಿ ಭಾಗಿಸಿ, ಮನೆಯಿಂದಲೇ ತಂದವರನ್ನು ಕಳೆದು, ಉಳಿದವರನ್ನು ಗುಣಿಸಬೇಕು. ಜಾತ್ರೆಗೆ ಹೋಗಿ ಬಂದವರಿಗೆ ಇದು ಗೊತ್ತು. ಪುಸ್ತಕದ ಫ್ರೇಮ್‌ವರ್ಕ್ ಬಾಯಿಪಾಠ ಮಾಡಿದವರಿಗೆ ಹೊಳೆಯೋದು ಕಷ್ಟ.

ಇನ್ನು ತಯಾರಿ. ಕಾಮರ್ಸ್‌ನವರಿಗೆ ಸ್ಥಿರ ವೆಚ್ಚ, ಬದಲಾಗುವ ವೆಚ್ಚ, ಬ್ರೇಕ್ ಈವನ್ ಆಗಲೇ ಗೊತ್ತಿರುತ್ತವೆ. ಅದು ನಿಮ್ಮ ಬಂಡವಾಳ. ಕೊರತೆ ಬೀಳೋದು ಮೂರು ಕಡೆ.

ಒಂದು, ಬಾಯಿಬಿಟ್ಟು ವಿಚಾರ ಮಾಡೋದು. ನಾವು ಲೆಕ್ಕವನ್ನು ಮನಸ್ಸಿನೊಳಗೆ ಮಾಡಿ ಉತ್ತರ ಅಷ್ಟೇ ಹೇಳ್ತೀವಿ. ಇಲ್ಲಿ ಪ್ರತಿ ಹೆಜ್ಜೆ ಹೇಳಬೇಕು. ಮೊದಲು ಕನ್ನಡದಾಗ ಮಾಡ್ರಿ, ವಿಚಾರ ಕುಂತ ಮ್ಯಾಲೆ ಅದನ್ನೇ ಇಂಗ್ಲಿಷಿನಾಗ ಹೇಳ್ರಿ.

ಎರಡು, ಲಕ್ಷ-ಕೋಟಿಯಿಂದ ಮಿಲಿಯನ್-ಬಿಲಿಯನ್‌ಗೆ ದಾಟೋದು. 10 ಲಕ್ಷ ಒಂದು ಮಿಲಿಯನ್, 100 ಕೋಟಿ ಒಂದು ಬಿಲಿಯನ್. ನಮ್ಮ ಮಿಲ್ಲಿನ 24 ಲಕ್ಷ ಅಂದರೆ 2.4 ಮಿಲಿಯನ್. ಕ್ಯಾಲ್ಕುಲೇಟರ್ ಇಲ್ಲದೆ ದಿನಾ ಹತ್ತು ಲೆಕ್ಕ ಸಾಕು.

ಮೂರು, ಜೋಡಿ. ಒಬ್ಬರೇ ಕುಂತು ಓದಿದರೆ ಆಗೂದಿಲ್ಲ. ಫೋನಿನಲ್ಲಾದರೂ ಸರಿ, ಒಬ್ಬರು ಕೇಳಬೇಕು, ಒಬ್ಬರು ಬಿಡಿಸಬೇಕು. ವಾರಕ್ಕೆ ಮೂರು ಕೇಸ್‌ನಂತೆ ಎರಡು ತಿಂಗಳು ಮಾಡಿದರೆ ಇಪ್ಪತ್ತು ದಾಟುತ್ತವೆ.

ಈ ವಾರಕ್ಕೆ ಎರಡು ಪ್ರಶ್ನೆ ಕೊಡ್ತೀನಿ. ಕಿತ್ತೂರಿನ ಹೆದ್ದಾರಿ ಬದಿಯ ಖಾನಾವಳಿಯವರು ಧಾರವಾಡದಲ್ಲಿ ಎರಡನೇ ಶಾಖೆ ತೆರೀಬೇಕೋ ಬ್ಯಾಡೋ? ರಾಮದುರ್ಗದ ನೇಕಾರರೊಬ್ಬರು ಸೀರೆಯನ್ನು ವ್ಯಾಪಾರಿಗೆ ಕೊಡಬೇಕೋ, ತಾವೇ ಆನ್‌ಲೈನ್‌ನಲ್ಲಿ ಮಾರಬೇಕೋ? ಉತ್ತರವನ್ನು ಫೋನಿನಾಗ ರೆಕಾರ್ಡ್ ಮಾಡಿ ನೀವೇ ಒಮ್ಮೆ ಕೇಳ್ರಿ. ಎಲ್ಲಿ ಹೆಜ್ಜೆ ಬಿಟ್ಟೀರಿ ಅನ್ನೋದು ತಾನೇ ತಿಳೀತದ.